ಹರಕುಕಿವಿಯನ್ನು ಬಿಟ್ಟ ಬೆಳಗು

ಪೆಲ್ಟೊಲಾ, ಮೇಲಿನ ಮಿಶಿಗನ್
ನವೆಂಬರ್ 19, 1986

ಈ ಪತ್ರವನ್ನು ಬಿಚ್ಚಿ ಓದುತ್ತಿರುವವರು ಕೈಸಾ ಅಲ್ಲದಿದ್ದರೆ ನಿಮಗೆ ನಾಚಿಕೆಯಾಗಬೇಕು. ಟಪಾಲಿನ ದೋಣಿಯಿಂದ ಬಕೆಟ್ಟಿನಲ್ಲಿ ಕಾಗದ ಮೇಲೆಳೆದುಕೊಳ್ಳುವ ಹಡಗಿನವರು ನೀವು. ಎಳೆಯುವುದಷ್ಟೇ ನಿಮ್ಮ ಕೆಲಸ, ಓದುವುದಲ್ಲ. ಹೋದ ಸಲ ನಾನು ಬರೆದ ಮೂಲವ್ಯಾಧಿಯ ಮದ್ದು ಇಡೀ ಎಂಜಿನ್ ಕೋಣೆಗೆ ಬಾಯಿಪಾಠವಾಗಿತ್ತಂತೆ. ಮಡಚಿ ಅಡುಗೆಮನೆಯಲ್ಲಿರುವ ನನ್ನ ಮೊಮ್ಮಗಳಿಗೆ ಕೊಟ್ಟು ನಡೆಯಿರಿ. ಓದುತ್ತಿರುವವಳು ಕೈಸಾಳೇ ಆಗಿದ್ದರೆ, ನಿನಗೂ ನಾಚಿಕೆಯಾಗಬೇಕು. ಯಾಕೆಂದು ಹೇಳುತ್ತೇನೆ. ಮೊದಲು ಒಲೆ ಆರಿಸಿ ಕೂತುಕೋ, ಸೂಪು ಹತ್ತಿಸಿಕೊಂಡು ಅದಕ್ಕೂ ನನ್ನನ್ನೇ ಬಯ್ಯಬೇಡ.

ಪ್ರೀತಿಯ ಕೈಸಾ,

ಆ ‘ಪ್ರೀತಿಯ’ ಅನ್ನುವುದನ್ನು ಎರಡು ಸಲ ಬರೆದು ಹೊಡೆದುಹಾಕಿ ಮೂರನೇ ಸಲ ಬರೆದದ್ದು, ಅದಕ್ಕೇ ಅಲ್ಲಿ ಮಸಿ ಕಲೆಯಾಗಿದೆ. ಮುಂಗೈ ಸುಟ್ಟುಕೊಂಡಿದ್ದೆಯಲ್ಲ, ಮಾಯಿತೇ? ಬೆಣ್ಣೆ ಹಚ್ಚಬೇಡ, ಬೆಣ್ಣೆ ಹಚ್ಚುವುದು ರೊಟ್ಟಿಗೆ. ರಾತ್ರಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಮಲಗು. ಸುಪೀರಿಯರ್ ಸರೋವರ ನವೆಂಬರಿನಲ್ಲಿ ಹುಚ್ಚು ಹಸುವಿದ್ದ ಹಾಗೆ, ಯಾವಾಗ ಒದೆಯುತ್ತದೆ ಹೇಳಲಾಗದು. ರೇಡಿಯೋದಲ್ಲಿ ಗಾಳಿಯ ಸುದ್ದಿ ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತೇನೆ, ನಿಂತರೆ ಹಡಗಿಗೇನು ಉಪಕಾರವೋ ಗೊತ್ತಿಲ್ಲ. ನನ್ನ ಎಡ ಭುಜ ಹೇಳಿದ ಮಾತು ಕೇಳುವುದಿಲ್ಲ. ಉಳಿದಂತೆ ಗಟ್ಟಿಯಾಗಿದ್ದೇನೆ. ಶಾಲೆ ಕಂಡದ್ದು ಮೂರೇ ಮೂರು ಚಳಿಗಾಲ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಮಾತು ನೆಟ್ಟಗಿದೆ.

ಆಗಸ್ಟಿನಲ್ಲಿ ನೀನು ಬರೆದ ಪತ್ರ ಮೇಜಿನ ಮೇಲೆ ನನ್ನ ಕಾಫಿಯ ಪಕ್ಕದಲ್ಲೇ ಇದೆ. ನೀನು ಮರೆತಿದ್ದರೆ ನೆನಪಿಸುತ್ತೇನೆ. ‘ಮುಮ್ಮೊ, ಈ ವರ್ಷ ಹರಕುಕಿವಿನ ಹೊಡೀಬೇಡ. ಮುಂದಿನ ನವೆಂಬರಿಗೆ ರಜೆ ಹಾಕಿ ಬರ್ತೀನಿ. ನನ್ನ ಮೊದಲ ಜಿಂಕೆ ಅದೇ ಆಗ್ಬೇಕು, ನೀನು ನನ್ನ ಪಕ್ಕದಲ್ಲಿ ಕೂತಿರ್ಬೇಕು.’ ನಿನ್ನ ತಾತ ಐನೊ ಹೋದ ಮೇಲೆ ಈ ಮನೆಯಲ್ಲಿ ಕೋವಿ ಹಿಡಿಯುವವಳು ನಾನೊಬ್ಬಳೇ. ನಿನ್ನಪ್ಪನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ನೀನಾಗಿ ಬಾಯಿಬಿಟ್ಟು ಬರುತ್ತೇನೆ ಅಂದದ್ದು ಅದೇ ಮೊದಲು. ಓದಿ ಅತ್ತೆ ಕಣೇ. ಆ ಹೊತ್ತಿಗೇ ಪಕ್ಕದ ಮನೆಯ ಮುದುಕ ಉರ್ಹೊ ಬಂದ, ಈರುಳ್ಳಿ ಹೆಚ್ಚುತ್ತಿದ್ದೆ ಅಂದೆ. ‘ಈರುಳ್ಳಿ ಎಲ್ಲಿ?’ ಅಂದ. ಬಾಗಿಲು ಹಾಕಿಕೊಂಡೆ.

ನನಗೆ ಆ ಮಾತು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಕೊಂಬನ್ನು ಬೇಯಿಸಿ ತಿನ್ನಲಾಗದು ಎಂಬುದು ನನ್ನ ಮತ. ಕಂಡದ್ದನ್ನು ಹೊಡೆ, ಚಳಿಗಾಲಕ್ಕೆ ಇಡು, ಅಷ್ಟೇ. ಆದರೆ ಹರಕುಕಿವಿಯ ಮಾತು ಬೇರೆ, ಹೊಡೆಯುವುದಿಲ್ಲ ಎಂದು ನಿನಗೆ ಬರೆದೆ. ಅದು ತಾಯಿಯ ಹಿಂದೆ ನಡೆಯುತ್ತಿದ್ದಾಗಲೇ ಮುಳ್ಳುತಂತಿಗೆ ಕಿವಿ ಹರಿದುಕೊಂಡದ್ದನ್ನು ನೋಡಿದವಳು ನಾನು. ಅದು ಎಲ್ಲಿ ಮಲಗುತ್ತದೆ, ಯಾವ ಗಾಳಿಗೆ ಎಲ್ಲಿ ದಾಟುತ್ತದೆ ಎಂಬುದು ತಾತನಿಗೆ ಗೊತ್ತಿತ್ತು, ನನಗೆ ಗೊತ್ತು, ನಿನಗೆ ಗೊತ್ತು. ನಾಲ್ಕನೆಯವರಿಗೆ ಗೊತ್ತಿರಲಿಲ್ಲ. ಇಲ್ಲ ಅಂತ ನಾನು ತಿಳಿದಿದ್ದೆ.

ಹದಿನಾಲ್ಕರ ಮಧ್ಯಾಹ್ನ ನಿನ್ನ ರಾಡ್ನಿ ಬಂದಿಳಿದ. ಹೊಸ ಕಿತ್ತಳೆ ಬಣ್ಣದ ಕೋಟು, ಅಂಗಡಿಯ ಚೀಟಿ ಇನ್ನೂ ತೋಳಿನಲ್ಲಿ ನೇತಾಡುತ್ತಿತ್ತು. ‘ಕೈಸಾ ಹೇಳಿದಾಳೆ ಅಜ್ಜೀ, ಎರಡು ದಿನ ಇಲ್ಲೇ ಇದ್ದು ಬೇಟೆ ನೋಡ್ಕೊಂಡು ಹೋಗು ಅಂತ.’ ದೊಡ್ಡ ಸೇತುವೆಯಾಚೆ ಕೆಳಗಿನ ಮಿಶಿಗನ್ನಿನ ಊರುಗಳವರಿಗೆ ನಾವು ಇಡುವ ಹೆಸರು, ಸೇತುವೆ ಕೆಳಗಿನ ಭೂತಗಳು ಅಂತ, ನಿನಗೆ ಗೊತ್ತು, ಅದನ್ನು ಬಾಯಲ್ಲೇ ಇಟ್ಟುಕೊಂಡೆ. ಜೂನ್‌ನಲ್ಲಿ ಈ ಮನೆಯ ಅಳಿಯನಾಗುವವನು. ಮೈಗೆ ಹಬೆ ಹಿಡಿಯಲಿ ಎಂದು ಸೌನಾ ಕೋಣೆ ಕಾಯಿಸಿದೆ. ಆಲೂಗಡ್ಡೆ ತುಂಬಿ ಸುಟ್ಟ ಎರಡು ಪ್ಯಾಸ್ಟಿ ಕೊಟ್ಟೆ, ಮೂರನೆಯದನ್ನು ಅವನೇ ತೆಗೆದುಕೊಂಡ. ನಾಳೆ ಎಲ್ಲಿ ಕೂರಬೇಕು ಎಂದು ಕೇಳಿದ. ‘ಹುಲ್ಲಿನ ಕೊಟ್ಟಿಗೆ ಹತ್ರ ಕೂತ್ಕೋ, ಅಲ್ಲಿಂದ ಅಲ್ಲಾಡಬೇಡ, ನಾನು ಜೌಗಿನ ಕಡೆ ಇರ್ತೀನಿ’ ಅಂದೆ. ‘ಆಯ್ತು ಅಜ್ಜೀ, ಆಯ್ತು’ ಅಂದ. ಎರಡು ಸಲ ಆಯ್ತು ಅನ್ನುವವರನ್ನು ನಂಬಬಾರದೆಂದು ತಾತ ಹೇಳುತ್ತಿದ್ದರು.

ಹದಿನೈದು, ಬೇಟೆಗಾಲದ ಮೊದಲ ದಿನ, ಬೆಳಕು ಹರಿಯುವ ಮೊದಲೇ ಹೋಗಿ ತಾತ ಹಲಗೆ ಬಡಿದು ಮಾಡಿದ ಮರೆಯಲ್ಲಿ ಕೂತೆ. ಹಿಮ ಕಣಕಾಲು ಮುಳುಗುವಷ್ಟಿತ್ತು. ಎಂಟು ಗಂಟೆಗೆ ಮೊದಲು ಸೀಡರ್ ಮರಗಳ ನಡುವೆ ಒಂದು ಕೊಂಬೆ ನಡೆದ ಹಾಗಾಯಿತು. ಕೊಂಬೆಯಲ್ಲ, ಅವನೇ. ಮೂಗನ್ನು ನೆಲಕ್ಕೆ ಇಟ್ಟುಕೊಂಡು ಹೆಣ್ಣಿನ ಜಾಡು ಹಿಡಿದು ಬಂದ. ನಲವತ್ತು ಹೆಜ್ಜೆ ದೂರದಲ್ಲಿ, ಪಕ್ಕೆಯನ್ನು ಪೂರ್ತಿ ನನಗೆ ಕೊಟ್ಟು, ಮಾರಲು ಬಂದವನ ಹಾಗೆ ನಿಂತ. ಹತ್ತು ಕವಲು. ಕೊಂಬು ನೋಡಿ ವಯಸ್ಸು ಹೇಳುವವರು ಕೆಳಗಿನ ಊರಿನವರು, ನಾನು ಹೊಟ್ಟೆ ನೋಡುತ್ತೇನೆ, ಬೆನ್ನು ನೋಡುತ್ತೇನೆ. ಕುತ್ತಿಗೆ ಎದೆಯೊಳಗೆ ಸೇರಿಹೋಗಿತ್ತು. ಬೆನ್ನು ಮಾತ್ರ ಇನ್ನೂ ಬಗ್ಗಿರಲಿಲ್ಲ.

ಕೋವಿ ತಾನಾಗಿಯೇ ಭುಜಕ್ಕೆ ಬಂತು. ನಲವತ್ತು ವರ್ಷದ ಅಭ್ಯಾಸ, ನನ್ನನ್ನು ಕೇಳಲಿಲ್ಲ. ಬೆರಳು ಟ್ರಿಗರ್ ಮೇಲೆ. ಮನಸ್ಸಿನಲ್ಲಿ ಜಗಳ ಶುರುವಾಯಿತು ನೋಡು. ನೆಲಮಾಳಿಗೆಯಲ್ಲಿ ಮಾಂಸವಿಲ್ಲ. ಭುಜ ಹೀಗಿದೆ, ಮುಂದಿನ ವರ್ಷ ಕೋವಿ ಎತ್ತುತ್ತೇನೋ ಇಲ್ಲವೋ. ಅವನೂ ಈ ಚಳಿಗಾಲ ದಾಟುತ್ತಾನೋ ಇಲ್ಲವೋ, ತೋಳಗಳಿವೆ, ಹಿಮವಿದೆ, ರಸ್ತೆಯ ಲಾರಿಗಳಿವೆ. ಇಂಥದು ನನ್ನ ಕೋವಿಯ ಎದುರಿಗೆ ಎಂದೂ ಬಂದಿರಲಿಲ್ಲ, ಇನ್ನು ಬರುವುದಿಲ್ಲ. ಹೊಡೆ ಮುದುಕಿ, ಹುಡುಗಿಗೆ ಆಮೇಲೆ ಸಮಾಧಾನ ಹೇಳಿದರಾಯಿತು ಎಂದು ಒಳಗಿನದು ಹೇಳುತ್ತಿತ್ತು. ಅವನು ತಲೆ ಎತ್ತಿ ನೇರ ನನ್ನನ್ನೇ ನೋಡಿದ, ಹರಿದ ಕಿವಿ ಒಮ್ಮೆ ಅದುರಿತು. ನಾನು ಮನಸ್ಸಿನಲ್ಲೇ ನಿನ್ನನ್ನು ಪಕ್ಕದಲ್ಲಿ ಕೂರಿಸಿ ನೋಡಿದೆ. ನಿನ್ನ ಉಸಿರಿನ ಹಬೆ, ನಾನು ನಿನ್ನ ಕಿವಿಯಲ್ಲಿ ‘ಈಗ’ ಅನ್ನುವುದು. ಬೆರಳು ತೆಗೆದೆ. ‘ಹೋಗಪ್ಪಾ, ಒಂದು ವರ್ಷ ಹುಷಾರಾಗಿರು, ಹುಡುಗಿ ಬರ್ತಾಳೆ’ ಎಂದು ಪಿಸುಗುಟ್ಟಿದೆ. ಅವಸರವಿಲ್ಲದೆ ದಿಬ್ಬ ಹತ್ತಿ ಹಳ್ಳದ ಕಡೆ ಇಳಿದ. ಮನಸ್ಸು ಹಗುರವಾಗಿತ್ತು ಕಣೇ. ಅದನ್ನು ಬರೆಯಲೇ ಈಗ ನಾಚಿಕೆ.

ಕಾಫಿಯ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ, ಗುಂಡಿನ ಸದ್ದಾಯಿತು. ಕೊಟ್ಟಿಗೆಯ ಕಡೆಯಿಂದಲ್ಲ, ಹಳ್ಳದ ಕಡೆಯಿಂದ. ಬಿದ್ದ ಹೆಮ್ಲಾಕ್ ಮರಗಳ ನಡುವೆ ಅವನು ದಾಟುವ ಆ ಒಂದೇ ಜಾಗದಿಂದ. ಹೋಗಿ ನೋಡಿದರೆ ಹರಕುಕಿವಿ ಹಿಮದ ಮೇಲೆ ಬಿದ್ದಿದ್ದ, ರಾಡ್ನಿ ಪಕ್ಕದಲ್ಲಿ ಕುಣಿಯುತ್ತಿದ್ದ. ‘ಅಜ್ಜೀ! ನೋಡಿದ್ರಾ! ಕೈಸಾ ಹೇಳಿದ ಹಾಗೇ ಬಂತು! ಮೊದಲು ನಿಮ್ಮ ಮುಂದೆ ಹಾಯುತ್ತೆ, ನೀವು ಹೊಡೆಯಲ್ಲ, ಆಮೇಲೆ ನೆಟ್ಟಗೆ ನನ್ನ ಹತ್ರಾನೇ ಬರುತ್ತೆ ಅಂದಿದ್ಳು!’ ನಾನು ನಂಬಲಿಲ್ಲ ಅಂದುಕೊಂಡನೋ ಏನೋ, ಕೋಟಿನ ಜೇಬಿನಿಂದ ಒಂದು ಹಾಳೆ ತೆಗೆದು ತೋರಿಸಿದ. ಜೌಗು, ದಿಬ್ಬ, ಹಳ್ಳ, ಮರಗಳು, ಬಾಣದ ಗುರುತು. ಒಂದು ಚೌಕ, ಅದರ ಪಕ್ಕದಲ್ಲಿ ನಿನ್ನ ಗುಂಡು ಅಕ್ಷರ: ‘ಮುಮ್ಮೊ ಇಲ್ಲಿ. ಹೊಡೆಯಲ್ಲ.’

ಆ ಹಾಳೆಯಿಂದಲೇ ರಕ್ತದ ಕೈ ಒರೆಸಿಕೊಳ್ಳಲು ಹೊರಟಿದ್ದ, ಕಸಿದುಕೊಂಡೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ದಡ್ಡರ ಮೇಲೆ ಸಿಟ್ಟು ಮಾಡಿ ಸೌದೆ ಉರಿಸುವವಳಲ್ಲ ನಾನು. ‘ಎಲ್ಲಿಂದ ಸೀಳೋದು ಅಜ್ಜೀ?’ ಎಂದು ಚಾಕು ಹಿಡಿದು ನಿಂತ. ನಾನೇ ಸೀಳಿದೆ, ನಾನೇ ಕರುಳು ತೆಗೆದೆ. ಬಾಯಿ ಬಿಡಿಸಿ ಹಲ್ಲು ನೋಡಿದೆ. ಗಟ್ಟಿಯಾಗಿದ್ದವು. ಈ ಚಳಿಗಾಲ ದಾಟುತ್ತಿದ್ದ, ನಿನಗಾಗಿ ಬರುತ್ತಿದ್ದ. ಹರಕುಕಿವಿಯ ಕೊಂಬಿಗೆ ರಾಡ್ನಿಯ ಪರವಾನಗಿ ಚೀಟಿಯನ್ನು ಕಟ್ಟಿದ್ದೂ ನಾನೇ, ಆ ಹುಡುಗನಿಗೆ ಗಂಟು ಹಾಕಲು ಬರಲಿಲ್ಲ.

ಸಂಜೆ ಊರ ನಡುವಿನ ಅಡ್ಡಗಂಬಕ್ಕೆ ಜಿಂಕೆಗಳನ್ನು ತೂಗುಹಾಕುವಾಗ ಎಲ್ಲರೂ ಇದ್ದರು. ಹರಕುಕಿವಿಯನ್ನು ನಡುಮಧ್ಯಕ್ಕೆ ಏರಿಸಿದರು. ರಾಡ್ನಿ ಪ್ರತಿಯೊಬ್ಬರಿಗೂ ಹೇಳಿದ, ಅಜ್ಜಿಯ ಮುಂದೇನೇ ಹಾದು ಬಂತು ಅಂತ. ಉರ್ಹೊ ಕೋಲು ಊರಿಕೊಂಡು ಬಂದ. ‘ಏನೇ ಲೆಂಪಿ, ಕಣ್ಣಿಗೆ ಪೊರೆ ಬಂತಾ? ನಿನ್ನ ಮೂಗಿನ ಕೆಳಗೇ ದಾಟ್ಕೊಂಡು ಹೋಗಿ ಸೇತುವೆ ಕೆಳಗಿನೋನ ಪಾಲಾಯ್ತಲ್ಲೇ! ಇನ್ನು ಕೋವಿ ಗೋಡೆಗೆ ನೇತುಹಾಕಿ ಸ್ವೆಟರ್ ಹೆಣಿ.’ ಎಲ್ಲರೂ ನಕ್ಕರು. ನಲವತ್ತು ವರ್ಷ ಆ ಕಂಬಕ್ಕೆ ಜಿಂಕೆ ಏರಿಸಿದವಳು ನಾನು. ಬಾಯಿಗೆ ಬಂದ ಉತ್ತರ ನಿನಗೇ ಗೊತ್ತಿರುತ್ತದೆ. ಆದರೆ ಹೇಳಿದ್ದೇನು ಗೊತ್ತೇ? ‘ಹೌದು ಕಣೋ, ಕಾಣ್ಲಿಲ್ಲ.’ ಮುದುಕಿಗೆ ಕಣ್ಣು ಕಾಣದು ಅಂದರೆ ಊರು ಒಂದು ಚಳಿಗಾಲ ನಗುತ್ತದೆ. ನನ್ನ ಮೊಮ್ಮಗಳು ನನ್ನನ್ನು ಬೆದರುಗೊಂಬೆಗಿಂತ ಕಡೆಯಾಗಿ ನಿಲ್ಲಿಸಿದಳು ಅಂದರೆ ನಿನ್ನನ್ನು ಏನೆನ್ನುತ್ತದೆ? ಉರ್ಹೊ ಮಾರನೇ ದಿನ ನಾಚಿಕೊಂಡು ಬಂದು ಒಂದು ತೊಡೆ ಮಾಂಸ ಕೊಟ್ಟು ಹೋದ. ಅದು ಅವರ ನಗುವಿಗಿಂತ ಹೆಚ್ಚು ಉರಿಯಿತು.

ಊರಿನವರು ನಿನ್ನ ಗಂಡನಾಗುವವನನ್ನು ಒಪ್ಪಲಿ ಎಂದು ನೀನು ಹೀಗೆ ಮಾಡಿದೆ, ಅಷ್ಟು ನನಗೂ ತಿಳಿಯುತ್ತದೆ. ಎದುರಿಗೆ ಕೇಳಬಹುದಿತ್ತಲ್ಲೇ ಹುಡುಗೀ. ‘ಮುಮ್ಮೊ, ಅದನ್ನ ಅವನಿಗೆ ಬಿಟ್ಕೊಡು’ ಅಂದಿದ್ದರೆ ಮೂರು ದಿನ ಬಯ್ಯುತ್ತಿದ್ದೆ, ನಾಲ್ಕನೇ ದಿನ ಅವನನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಯಾವಾಗ ಉಸಿರು ಹಿಡಿಯಬೇಕೆಂದು ಹೇಳಿಕೊಡುತ್ತಿದ್ದೆ. ಕೇಳಿದ್ದರೆ ಕೊಡುತ್ತಿದ್ದೆ. ಕೊಡುವವಳ ಕೈಯಿಂದಲೇ ಕದ್ದೆಯಲ್ಲ.

ಹಡಗಿನ ಮೇಲೆ ದೇವರ ಕೈ ಇರಲಿ. ಡೆಕ್ಕಿನ ಮೇಲೆ ಮಂಜುಗಡ್ಡೆ ಕಟ್ಟಿದಾಗ ಹಗ್ಗ ಹಿಡಿದೇ ನಡೆ. ನಿನ್ನ ಕ್ಯಾಪ್ಟನ್ನಿಗೆ ನನ್ನ ನಮಸ್ಕಾರ, ಎಂಜಿನ್ ಕೋಣೆಯವರಿಗೆ ಇಲ್ಲ.

ನಿನ್ನ ಮುಮ್ಮೊ,
ಲೆಂಪಿ

ತಾ.ಕ.: ಲಕೋಟೆಗೆ ಹಾಕುವಾಗ ಆ ನಕ್ಷೆಯ ಹಾಳೆಯನ್ನು ತಿರುಗಿಸಿ ನೋಡಿದೆ. ಹಿಂದೆ ನಿಮ್ಮ ಹಡಗಿನ ಊಟದ ಪಟ್ಟಿ ಅಚ್ಚಾಗಿದೆ. ಬಟಾಣಿ ಸೂಪು, ಹುರಿದ ಕೋಳಿ, ಸೇಬಿನ ಪೈ, ಭಾನುವಾರ, ಮೇ ಹನ್ನೊಂದು. ನೀನು ನನ್ನನ್ನು ಬೇಡಿಕೊಂಡದ್ದು ಆಗಸ್ಟಿನಲ್ಲಿ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅರ್ಧ ದಿನ ನೋಡಿದ್ದೇನೆ. ಮೊದಲು ನನ್ನ ಪಕ್ಕದಲ್ಲಿ ಕೂರಬೇಕೆಂದು ನಿಜವಾಗಿ ಆಸೆಪಟ್ಟು ಆಮೇಲೆ ಅವನ ಮುಂದೆ ಕರಗಿದ್ದರೆ, ಅದು ಹುಡುಗಿಯರು ಮಾಡುವ ತಪ್ಪು, ಬಯ್ದು ಮುಗಿಸುತ್ತೇನೆ. ಮೇ ತಿಂಗಳಲ್ಲೇ ‘ಹೊಡೆಯಲ್ಲ’ ಎಂದು ನಕ್ಷೆ ಬರೆದಿಟ್ಟು, ಆಮೇಲೆ ನನಗೆ ಆ ಪತ್ರ ಬರೆದಿದ್ದರೆ, ಅದನ್ನು ಎಲ್ಲಿ ಇಟ್ಟುಕೊಳ್ಳಲಿ ನಾನು? ಅಡುಗೆಮನೆಯಲ್ಲಿ ಹಳೇ ಹಾಳೆಗಳು ತಿಂಗಳುಗಟ್ಟಲೆ ಬಿದ್ದಿರುತ್ತವೆ, ನನ್ನಲ್ಲೂ ಇವೆ. ಅಕ್ಟೋಬರಿನಲ್ಲಿ ಕೈಗೆ ಸಿಕ್ಕಿದ ಹಳೇ ಹಾಳೆಯ ಹಿಂದೆ ಗೀಚಿದೆ ಎಂದು ಬರಿ. ಅಷ್ಟೇ ಬರಿ, ನಂಬುತ್ತೇನೆ. ಡಿಸೆಂಬರ್ ಹುಟ್ಟುವ ಮೊದಲು ಬರಿ.