ಮಹೇಂದ್ರ ಬುಡು ಅಂದದ್ದು

೨ ನವೆಂಬರ್, ಭಾನುವಾರ. ಪಿರಿಯಾಪಟ್ಟಣ

ಬೆಳಿಗ್ಗೆ ಹುಣಸೂರಿನವರೆಗೆ ಹೋಗಿ ಬಂದೆ. ಮಹೇಂದ್ರ ಬೀಚನಹಳ್ಳಿಯಿಂದ ಸೈಕಲ್ಲಿನಲ್ಲೇ ಅಲ್ಲಿಗೆ ಬಂದಿದ್ದ. ಕೋಟೆ ತಾಲ್ಲೂಕು ದಾಟಿ ಬರುವ ದೂರ ಅವನಿಗೆ ಲೆಕ್ಕವಲ್ಲ. ವಾಪಸ್ಸು ನಮ್ಮೂರಿನವರೆಗೆ ಒಬ್ಬರ ಗಾಲಿಗೆ ಒಬ್ಬರು ಅಂಟಿಕೊಂಡು ಬಂದೆವು. ಹೊಗೆಸೊಪ್ಪಿನ ಲಾರಿಗಳು ಹರಾಜಿಗೆ ಹೊರಟಿದ್ದವು. ಸೊಪ್ಪಿನ ಘಾಟಿಗೆ ಗಂಟಲು ಕೆರೆಯಿತು.

ತಂಡ ಪ್ರಕಟವಾಗಿದೆ. ದೆಹಲಿಯಲ್ಲಿ ಅಂತರರಾಷ್ಟ್ರೀಯ ಸೈಕಲ್ ಸ್ಪರ್ಧೆ, ಟೀಮ್ ಪರ್ಸ್ಯೂಟ್. ಓಡಿಸುವವರು ನಾಲ್ವರು, ಅದರಲ್ಲಿ ಮಹೇಂದ್ರ ಒಬ್ಬ. ನಾನು ಐದನೆಯವನು, ರಿಸರ್ವ್.

ಅವ್ವನಿಗೆ ರಿಸರ್ವ್ ಎಂದರೇನೆಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಅಂಗಾರೆ ಒಬ್ಬ ಬೀಳೋಗಂಟ ನೀನು ಕಾಯ್ಕೊಂಡ್ ಕೂತಿರ್ಬೇಕಾ ಮಗಾ?"

ಅಷ್ಟು ಸರಿಯಾಗಿ ನಾನು ಹೇಳಿರಲಿಲ್ಲ.

೧೭ ನವೆಂಬರ್, ಸೋಮವಾರ. ದೆಹಲಿ

ಮಹೇಂದ್ರನೂ ನಾನೂ ಒಂದೇ ರೂಮು. ಕನ್ನಡದವರು ನಾವಿಬ್ಬರೇ. ಉಳಿದವರೊಂದಿಗೆ ಹಿಂದಿ. ಕೋಚ್ ಸರ್ ಅವರದೂ ಹಿಂದಿ.

ತಂಗಿ ವಾಣಿಶ್ರೀ ಫೋನಿನಲ್ಲಿ ಆಟದ ನಿಯಮ ಕೇಳಿದಳು. ಮುಂದಿನವನು ಗಾಳಿ ತಡೆಯುತ್ತಾನೆ, ದಣಿದರೆ ಟ್ರ್ಯಾಕಿನ ಹೊರಬದಿಯ ಏರು ಹತ್ತಿ ಸಾಲಿನ ಹಿಂದಕ್ಕೆ ಬರುತ್ತಾನೆ. ನಾಲ್ವರಲ್ಲಿ ಒಬ್ಬ ಕಳಚಿಕೊಂಡರೂ ನಡೆಯುತ್ತದೆ. ಗಡಿಯಾರ ನಿಲ್ಲುವುದು ಮೂರನೆಯವನ ಗಾಲಿ ಗೆರೆ ಮುಟ್ಟಿದಾಗ. "ಮೊದ್ಲು ಬಂದೋನ್ಗೆ ಏನೂ ಇಲ್ವಾ?" ಅಂದಳು. ಏನೂ ಇಲ್ಲ.

ಜೊತೆಗೆ ತಂದದ್ದು ಒಂದು ರಷ್ಯನ್ ಕಾದಂಬರಿಯ ಅನುವಾದ. ಅದರಲ್ಲಿ ಗಾಡಿಯವನು ತನ್ನ ಕುದುರೆಗೆ "ಪ್ರಿಯನೇ, ಮುಂದೆ ಸಾಗು" ಎನ್ನುತ್ತಾನೆ. ಯಾವ ದೇಶದ ಗಾಡಿಯವನೂ ಹಾಗೆ ಅನ್ನಲಾರ. ಪದಗಳೆಲ್ಲ ಸರಿಯಾಗಿಯೇ ಇರಬೇಕು...

೨೧ ನವೆಂಬರ್, ಶುಕ್ರವಾರ. ಮಧ್ಯಾಹ್ನ

ಅರ್ಹತಾ ಸುತ್ತು ಮುಗಿಯಿತು. ಏಳನೆಯ ಸ್ಥಾನ. ಮೊದಲ ಎಂಟು ತಂಡಗಳಿಗೆ ನಾಳೆ ಮತ್ತೆ ಓಟವಿದೆ. ಉಳಿದುಕೊಂಡೆವು, ಅಷ್ಟೆ.

ನಡೆದದ್ದು ಹೀಗೆ. ಕೊನೆಯ ಸುತ್ತುಗಳಲ್ಲಿ ಒಬ್ಬ ಕಳಚಿಕೊಂಡ — ಮೊದಲೇ ಮಾತಾಗಿದ್ದದ್ದು. ಉಳಿದವರಲ್ಲಿ ಮುಂದೆ ಪಂಜಾಬಿನವನು, ನಡುವೆ ಮಣಿಪುರದವನು, ಹಿಂದೆ ಮಹೇಂದ್ರ. ನಾನು ಟ್ರ್ಯಾಕಿನ ಒಳಗಡೆ, ತಿರುವಿನ ಹತ್ತಿರ ನಿಂತಿದ್ದೆ. ಮುಂದಿನವನ ವೇಗ ಇಳಿಯುತ್ತಿದ್ದುದು ಕಾಣುತ್ತಿತ್ತು. ಆಗ ಮಹೇಂದ್ರ ಕೂಗಿದ.

"ಬುಡು... ಬುಡೂ..."

ಕ್ಯಾಂಪಿನಲ್ಲಿ ಕಲಿಸಿದ ಕೂಗುಗಳೆಲ್ಲ ಹಿಂದಿಯವು. ಉಸಿರು ಕಟ್ಟಿದ ಬಾಯಿಗೆ ಊರಿನದೇ ಬಂತು. ಪಂಜಾಬಿನವನು, ಹಿಂದಿನವನು ಸೋತು ಕರೆಯುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ನಿಧಾನಿಸಿದ. ಈ ಸೈಕಲ್ಲಿಗೆ ಬ್ರೇಕ್ ಇಲ್ಲ. ಮುಂದಿನವನ ಗಾಲಿಗೆ ಬಡಿಯದಿರಲು ಮಹೇಂದ್ರ ಏರಿನ ಕಡೆಗೆ ತಿರುಗಿಸಿದ. ಅಲ್ಲಿಗೆ ಅಂತರ ಬಿತ್ತು. ಗೆರೆಯವರೆಗೂ ಮುಚ್ಚಲಿಲ್ಲ.

ಸರ್ ನನ್ನೊಬ್ಬನನ್ನೇ ಕರೆದು ಕೇಳಿದರು. ನಿಮ್ಮ ಭಾಷೆಯಲ್ಲಿ ಬುಡು ಅಂದರೇನು?

"ಛೋಡ್ ದೋ, ಸರ್."

ತಡವರಿಸಲಿಲ್ಲ. ಹಾಗಾದರೆ 'ನನ್ನನ್ನು ಬಿಟ್ಟು ಹೋಗಿ' ಅಂತ ಕೂಗಿದ್ದಾನೆ, ಕಾಲು ಸೋತಿದೆ, ಎಂದರು ಸರ್. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ನಾಳೆ ಮಹೇಂದ್ರನ ಜಾಗಕ್ಕೆ ನಾನು.

ಅದೇ ದಿನ, ಸಂಜೆ

ಬುಡು ಎಂದರೆ ಬಿಡು. ನಿಘಂಟಿನಲ್ಲೂ ಅದೇ. ಹೇಳಿದ ಪದದಲ್ಲಿ ತಪ್ಪಿಲ್ಲ.

ಆದರೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಾಗಿಲು ಬಡಿದು ಬುಡು ಬುಡು ಅಂದರೆ ಡ್ರೈವರು ಬಸ್ಸು ಬಿಟ್ಟು ಇಳಿದು ಹೋಗುವುದಿಲ್ಲ.

ಸರ್ ಕೇಳಿದಾಗ ಇದು ನೆನಪಿಗೆ ಬಂದಿತ್ತೇ? ಬಂದಿರಲಿಲ್ಲ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಆ ಕೂಗು ಕೇಳಿದಾಗ, ನಿಂತಲ್ಲೇ, ನನ್ನ ಬಲಗಾಲು ಕೆಳಕ್ಕೆ ಒತ್ತಿತ್ತು. ಪೆಡಲ್ ಇಲ್ಲದೆ.

ವಾಣಿಶ್ರೀ ಫೋನ್ ಮಾಡಿದಳು. ಸುದ್ದಿ ಆಗಲೇ ಹೋಗಿದೆ. ಪ್ರಭುಸ್ವಾಮಿಯವರ ಅಂಗಡಿಯ ಟಿವಿಯಲ್ಲಿ ಎಲ್ಲರೂ ಕೂತು ನೋಡುತ್ತಾರಂತೆ. ಅಪ್ಪ ಹೊಗೆಸೊಪ್ಪಿನ ಬೇಲನ್ನು ಹರಾಜಿಗೆ ಹಾಕುವುದನ್ನು ಸೋಮವಾರಕ್ಕೆ ಮುಂದೂಡಿದ್ದಾರಂತೆ. ಅವ್ವ ಫೋನ್ ಇಸಿದುಕೊಂಡು ಮಹೇಂದ್ರನಿಗೆ ಏನಾಯಿತೆಂದು ಕೇಳಿದಳು. ಕಾಲು ನೋವು ಅಂದೆ. ಇದು ಸುಳ್ಳು. ಮಧ್ಯಾಹ್ನದ್ದಕ್ಕೆ ಬೇರೆ ಹೆಸರಿದೆಯೋ ಏನೋ.

ಆಮೇಲೆ ಮಹೇಂದ್ರ ಬಂದ. ಸರ್ ನನ್ನನ್ನು ಕೇಳಿದ್ದು ಅವನಿಗೆ ಗೊತ್ತಿಲ್ಲ. ಮಂಚದ ಮೇಲೆ ಕೂತು ಬಾಳೆಹಣ್ಣು ಸುಲಿದ. ಅರ್ಧ ನನಗೆ ಕೊಟ್ಟ.

"ನಾನು ಬುಡು ಅಂದ್ರೆ ಅವ್ನು ನಿಂತೇಬುಟ್ಟ ಕಣ್ಲಾ. ರೆಸಾರ್ಟ್ ಜೀಪ್ ಓಡ್ಸೋ ನಮ್ಮಣ್ಣುಂಗೆ ಅಂಗಂದಿದ್ರೆ ಜೀಪ್ನ ಡ್ಯಾಮ್ ಮೇಲಿಂದ್ಲೇ ಆರುಸ್ಬುಡೋನು."

ನಕ್ಕ. ನಾನೂ ನಕ್ಕೆ. ನಕ್ಕದ್ದು ಹೆಚ್ಚಾಯಿತು ಅನ್ನಿಸುತ್ತದೆ.

"ನನ್ ಕಾಲ್ ಚೆನ್ನಾಗೇ ಅವೆ ಮೂರ್ತಿ. ಸಾರ್ಗೆ ಯಾರ್ ಏನೇಳುದ್ರೋ ಕಾಣೆ."

ಬಾಳೆಹಣ್ಣು ಬಾಯಲ್ಲೇ ಇತ್ತು. ನುಂಗುವ ಹೊತ್ತಿಗೆ ಅವನು ನಾಳೆಯ ಮಾತಿಗೆ ಹೋಗಿದ್ದ. ಮಣಿಪುರದವನು ತಿರುವಿನಲ್ಲಿ ಸ್ವಲ್ಪ ಮೇಲಕ್ಕೆ ಹೋಗುತ್ತಾನೆ, ತೀರ ಅಂಟಬೇಡ ಅಂದ. ಪಂಜಾಬಿನವನು ತಲೆ ಬಗ್ಗಿಸಿದರೆ ದಣಿದ ಅಂತ ತಿಳಿದುಕೊ ಅಂದ. ಎಲ್ಲ ಹೇಳಿಕೊಟ್ಟು, ಊಟಕ್ಕೂ ಏಳದೆ, ಗೋಡೆಯ ಕಡೆ ತಿರುಗಿಕೊಂಡ.

೨೨ ನವೆಂಬರ್, ಶನಿವಾರ. ಬೆಳಿಗ್ಗೆ

ಎರಡು ಸಲ ಬಟ್ಟೆ ಮಡಚಿದೆ.

ಓಟದ ಮುಂಚೆ ಹೆಸರು ಬದಲಿಸಲು ಇನ್ನೂ ಅವಕಾಶವಿದೆ. ಅದು ಇಲ್ಲದಿದ್ದರೆ ಸುಲಭವಿತ್ತು.

ಹೇಳಿದರೂ ಸರ್ ನನ್ನನ್ನೇ ಉಳಿಸಿಕೊಳ್ಳಬಹುದು. ಅಥವಾ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿ, ಇನ್ನು ಯಾವ ತಂಡಕ್ಕೂ ಕರೆಯದೆ ಇರಬಹುದು. ಎರಡನೆಯದೇ ಹೆಚ್ಚು ಸಂಭವ. ಅಂಗಡಿಯಲ್ಲಿ ಅವ್ವನಿಗೆ ಮುಂದಿನ ಕುರ್ಚಿ ಹಾಕಿರುತ್ತಾರೆ.

ಆದರೂ ಅವನು ನನಗಿಂತ ಚೆನ್ನಾಗಿ ಓಡಿಸುತ್ತಾನೆ. ಕ್ಯಾಂಪಿನ ಎಲ್ಲ ಟ್ರಯಲ್ಲಿನಲ್ಲೂ. ಇದನ್ನು ಬರೆದ ಮೇಲೆ ಬೇರೆ ಏನನ್ನೂ ಬರೆಯಲಾಗುತ್ತಿಲ್ಲ.

ಸರ್ ತಿಂಡಿಗೆ ಇಳಿಯುತ್ತಾರೆ. ಆಗಲೇ ಹೇಳುತ್ತೇನೆ. ಛೋಡ್ ದೋ ಅಲ್ಲ ಸರ್... ಹಿಂದಿಯಲ್ಲಿ ಯಾವ ಪದ? ಭಗಾವೋ, ಜೋರಾಗಿ ಓಡಿಸು ಅಂತ? ಅದೂ ಪೂರ್ತಿ ಹೊಂದುವುದಿಲ್ಲ. ಹತ್ತಿರವಿದ್ದರೆ ಸಾಕು.

ಅದಕ್ಕೂ ಮೊದಲು ಮಹೇಂದ್ರನಿಗೆ. ಬೇರೆಯವರ ಬಾಯಿಂದ ಅವನಿಗೆ ತಿಳಿಯಬಾರದು. ಸ್ನಾನಕ್ಕೆ ಹೋಗಿದ್ದಾನೆ. ನೀರಿನ ಸದ್ದು ನಿಂತಿತು. ಹೀಗೆ ಶುರು ಮಾಡುವುದು — ನಿನ್ನೆ ಸಾರ್ ಕೇಳಿದ್ದು ನನ್ನೇ ಕಣ್ಲಾ, ನಾನು