ಮೋಟುಗೋಡೆಯನ್ನು ಮೋಟಾಗಿಯೇ ಬಿಡಿ

ನಮ್ಮ ಭಾಗದ ಸ್ಮಶಾನಗಳ ಅಭಿವೃದ್ಧಿಯ ಹೊಣೆ ಹೊತ್ತಿರುವ ಮಾನ್ಯ ಇಂಜಿನಿಯರ್ ಸಾಹೇಬರೇ,

ಮಾಗಡಿ ರಸ್ತೆಯಿಂದ ಹೆಗ್ಗನಹಳ್ಳಿ ಕಡೆಗೆ ಹೋಗುವಲ್ಲಿರುವ ನಮ್ಮ ಕ್ರೈಸ್ತರ ಸ್ಮಶಾನದ ನಡುವೆ ಒಂದು ಮೋಟುಗೋಡೆ ಇದೆ. ಈ ಕಡೆ ಕಥೋಲಿಕರು, ಆ ಕಡೆ ಪ್ರಾಟೆಸ್ಟೆಂಟರು. ಅದನ್ನು ಎಂಟು ಅಡಿಗೆ ಏರಿಸಲು ತಾವು ಆದೇಶ ಹೊರಡಿಸಿದ್ದೀರಿ. ಗೇಟಿಗೆ ಅಂಟಿಸಿರುವ ನೋಟೀಸಿನ ಪ್ರಕಾರ ಕಾರಣ, ‘ಎರಡು ಪಂಗಡಗಳ ನಡುವೆ ಪ್ರತಿ ವರ್ಷ ಸಂಭವಿಸುತ್ತಿರುವ ಘರ್ಷಣೆ’. ಸಾಹೇಬರೇ, ಆ ಘರ್ಷಣೆ ನಾನು. ನಾನು ಮತ್ತು ನನ್ನ ಸೋದರತ್ತೆ ಕೃಪಾವತಿ. ನಾನು ನಿವೃತ್ತ ಹೈಸ್ಕೂಲ್ ಮೇಡಂ, ಅತ್ತೆಗೆ ಎಂಬತ್ತಾರು ವರ್ಷ. ನಮ್ಮಿಬ್ಬರನ್ನು ಬೇರ್ಪಡಿಸಲು ಎಂಟು ಅಡಿ ಕಾಂಕ್ರೀಟು ಸಾಕೆಂದು ಅಂದಾಜು ಮಾಡಿದ ತಮ್ಮ ಆಶಾವಾದಕ್ಕೆ ನಮಸ್ಕಾರ. ಅತ್ತೆಯ ಗಂಟಲನ್ನು ತಾವು ಪೂರ್ತಿ ಕೇಳಿಲ್ಲ.

ಮೊದಲು ಆ ‘ಎರಡು ಪಂಗಡ’ ಎಂಬ ಮಾತನ್ನು ನೋಡೋಣ. ಎರಡೇ? ನಮ್ಮನ್ನು ಇಷ್ಟು ಕಡಿಮೆ ಮಾಡಿ ಅಳೆಯುವುದೇ? ಒಂದು ಭಾನುವಾರ ತಮ್ಮ ಜೀಪು ತನ್ನಿ, ಕೆಂಗೇರಿಯಿಂದ ರಾಜಾಜಿನಗರದವರೆಗೆ ತೋರಿಸಿಕೊಂಡು ಬರುತ್ತೇನೆ. ಒಂದೇ ಕಥೋಲಿಕ ಚರ್ಚಿನಲ್ಲಿ ಬೆಳಿಗ್ಗೆ ತಮಿಳು ಪೂಜೆ, ಅವರು ಹೊರಗೆ ಬಂದು ಚಪ್ಪಲಿ ಹುಡುಕುವಷ್ಟರಲ್ಲಿ ಕನ್ನಡ ಪೂಜೆ, ನಡುವೆ ಕೊಂಕಣಿಯವರು ಗಡಿಯಾರ ನೋಡುತ್ತ ನಿಂತಿರುತ್ತಾರೆ. ಪ್ರಾಟೆಸ್ಟೆಂಟರಲ್ಲಿ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ ಎಂದು ಬೇರೆ ಬೇರೆ ಇದ್ದವರು ೧೯೪೭ರಲ್ಲಿ ಕೂಡಿ ಸಿ.ಎಸ್.ಐ. ಸಭೆಯಾದರು. ದೇಶ ಇಬ್ಭಾಗವಾದ ವರ್ಷವೇ ಕೂಡಿಕೊಂಡ ಜನ, ಸ್ವಲ್ಪ ಮೊಂಡರು. ಬಾಡಿಗೆ ಹಾಲ್‌ನಲ್ಲಿ ಗಂಟೆಗಟ್ಟಲೆ ನಿಂತೇ ಪ್ರಾರ್ಥಿಸುವ ಕೇರಳದ ಸಿರಿಯನ್ನರಿದ್ದಾರೆ. ಭಾನುವಾರವೆಲ್ಲ ಸುಳ್ಳು, ಶನಿವಾರವೇ ಸಬ್ಬತ್ ಎನ್ನುವ ಅಡ್ವೆಂಟಿಸ್ಟರಿದ್ದಾರೆ. ಸಂಜೆಗೆ ಗೋಬಿ ಅಂಗಡಿಯ ಮಹಡಿಯ ಮೇಲೆ ಡ್ರಮ್ ಬಾರಿಸಿ ಸ್ತೋತ್ರ ಹಾಡುವ ಪೆಂಟೆಕೋಸ್ಟಿನವರಿದ್ದಾರೆ. ಕೆಳಗಿನ ಬಾಣಲೆಯೂ ಅವರ ತಾಳಕ್ಕೆ ಚೆನ್ನಾಗಿಯೇ ಹೊಂದಿಕೊಂಡಿದೆ. ಇನ್ನು ನನ್ನ ತಾಯಿಯ ಕಡೆಯವರು ಟಿಪ್ಪುವಿಗೂ ಹಿಂದೆ ಈ ಸೀಮೆಗೆ ಬಂದು ಕನ್ನಡ ಕಲಿತ ಪಾದ್ರಿಗಳ ಕಾಲದವರು. ಇಗ್ನೇಷಿಯಸ್ ಸಂತರನ್ನು ಇನ್ನಾಸಪ್ಪ, ಝೇವಿಯರ್ ಸಂತರನ್ನು ಚೌರಪ್ಪ ಎಂದು ಕರೆದು ಮನೆಯ ಹಿರಿಯರನ್ನಾಗಿ ಮಾಡಿಕೊಂಡವರು. ಇಷ್ಟೆಲ್ಲವನ್ನೂ ತಾವು ಒಂದು ನೋಟೀಸಿನಲ್ಲಿ ಎರಡಕ್ಕೆ ಇಳಿಸಿಬಿಟ್ಟಿರಿ. ರೋಮ್‌ನವರಿಗಾಗಲಿ ಲಂಡನ್ನಿನವರಿಗಾಗಲಿ ಆಗದ ಕೆಲಸ.

ಈಗ ಗೋಡೆಯ ವಿಷಯ. ನನ್ನ ಅಮ್ಮ ಚೌರಮ್ಮ ಕಥೋಲಿಕರು. ಅಪ್ಪ ಸತ್ಯಮಿತ್ರ ಸಿ.ಎಸ್.ಐ. ಮದುವೆಯಾದ ಮೇಲೂ ಇಬ್ಬರಲ್ಲಿ ಒಬ್ಬರೂ ಸೋಲಲಿಲ್ಲ. ಪ್ರತಿ ಭಾನುವಾರ ವಿಜಯನಗರದ ಮನೆಯಿಂದ ಜೊತೆಯಲ್ಲೇ ಹೊರಟು, ಸರ್ಕಲ್ಲಿನಲ್ಲಿ ಅಮ್ಮ ಬಲಕ್ಕೆ, ಅಪ್ಪ ಎಡಕ್ಕೆ. ಎರಡೂ ಕಡೆ ದೇವರ ಕೆಲಸ ಮುಗಿದ ಮೇಲೆ ಹೋಟೆಲ್ಲಿನಲ್ಲಿ ಸೇರಿ ಖಾಲಿ ದೋಸೆ ತಿನ್ನುವರು. ಯಾರ ಪಾದ್ರಿಯ ಪ್ರಸಂಗ ಉದ್ದವಾಯಿತೋ ಅವರು ತಣ್ಣಗಾದ ದೋಸೆ ತಿನ್ನಬೇಕು, ಅದೇ ನಿಯಮ. ಅಮ್ಮ ಮೊದಲು ಹೋದರು. ಕಥೋಲಿಕರ ಕಡೆ, ಗೋಡೆಗೆ ಅಂಟಿದಂತೆ ಜಾಗ ಸಿಕ್ಕಿತು. ಮಾರನೆಯ ವಾರವೇ ಅಪ್ಪ ತಮ್ಮ ಸಭಾಪಾಲಕರ ಬಳಿ ಹೋಗಿ ಗೋಡೆಯ ಆಚೆ, ಸರಿಯಾಗಿ ಎದುರಿಗಿದ್ದ ಜಾಗವನ್ನು ತಮಗೆಂದು ಕೇಳಿಕೊಂಡು ಬಂದರು. ಈಗ ಅಲ್ಲಿಯೇ ಇದ್ದಾರೆ. ಬದುಕಿದ್ದಾಗ ನಡುವೆ ಒಂದು ಸರ್ಕಲ್ಲು, ಈಗ ಒಂದು ಮೋಟುಗೋಡೆ.

ನವೆಂಬರ್ ಎರಡು ಕಥೋಲಿಕರಿಗೆ ಸತ್ತವರನ್ನು ನೆನೆಯುವ ದಿನ. ಸಮಾಧಿ ತೊಳೆದು, ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚುತ್ತೇವೆ. ಪ್ರಾಟೆಸ್ಟೆಂಟರು ಸತ್ತವರಿಗಾಗಿ ಬತ್ತಿ ಹಚ್ಚುವುದಿಲ್ಲ. ಆದರೆ ಬೀಗರು, ನೆಂಟರು ಎಂದು ಬಂದು ಗೋಡೆಯ ಮೇಲೆ ಕುಳಿತು ‘ಸುಮ್ಮನೆ ನೋಡುತ್ತಾರೆ’. ಅಪ್ಪ ತೀರಿಕೊಂಡ ವರ್ಷ ನಾನು ಅಮ್ಮನಿಗೆ ಒಂದು ಹಚ್ಚಿ, ಗೋಡೆ ದಾಟಿ ಅಪ್ಪನಿಗೂ ಒಂದು ಹಚ್ಚಿದೆ. ಅತ್ತೆ ಬಂದವರೇ ಉಫ್ ಎಂದು ಆರಿಸಿದರು.

“ನಮ್ಮಣ್ಣ ದೇವರ ಬೆಳಕಲ್ಲೇ ಇದಾನೆ ಕಣೇ. ಅಲ್ಲೇನು ಕರೆಂಟ್ ಹೋಗಿದ್ಯಾ?”

“ಅಮ್ಮಂಗೆ ಹಚ್ಚಿ ಅಪ್ಪಂಗೆ ಹಚ್ಚದೆ ಹೋದ್ರೆ ಅಮ್ಮ ಸುಮ್ನಿರ್ತಾರಾ ಅತ್ತೆ?”

“ಅವ್ಳು ಯಾವತ್ತು ಸುಮ್ನಿದ್ಲು?”

ಬಹಳ ಹೊತ್ತು ನಡೆಯಿತು. ಕೊನೆಗೆ ಅತ್ತೆಯೇ ನನ್ನ ಕೈಯಿಂದ ಬತ್ತಿ ಕಿತ್ತುಕೊಂಡು ಗೋಡೆಯ ಮೇಲೆ ನಿಲ್ಲಿಸಿದರು. “ಗೋಡೆ ಯಾವ ಸಭೆಗೂ ಸೇರಿಲ್ಲ. ಇಲ್ಲಿ ಹಚ್ಕೋ,” ಎಂದರು. ಬೆಳಕು ಎರಡೂ ಸಮಾಧಿಗಳ ಮೇಲೆ ಬಿತ್ತು. ಅಂದಿನಿಂದ ಪ್ರತಿ ವರ್ಷ ಅದೇ ಜಗಳ, ಅದೇ ಮಾತು, ಅದೇ ರಾಜಿ. ಒಂದು ಸಾಲು ಬಿಟ್ಟರೂ ಅತ್ತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ನಮ್ಮನ್ನು ನೋಡಿ ಬೇರೆ ಮನೆಯವರೂ ಗೋಡೆಯ ಮೇಲೆ ಬತ್ತಿ ಇಡತೊಡಗಿದರು. ಈಗ ಆ ಸಂಜೆ ಗೋಡೆಯ ಉದ್ದಕ್ಕೂ ದೀಪದ ಸಾಲು.

ಕಳೆದ ವರ್ಷ ತಾವು ಸ್ಥಳ ಪರಿಶೀಲನೆಗೆ ಬಂದದ್ದು ಸರಿಯಾಗಿ ‘ಕರೆಂಟ್ ಹೋಗಿದ್ಯಾ’ ಎಂಬ ಘಟ್ಟಕ್ಕೆ. ಪಕ್ಕದ ಮನೆಯ ಮುನಿವೆಂಕಟಪ್ಪನವರು, ಅಪ್ಪನ ಹಳೆಯ ಸ್ನೇಹಿತರು, ತಮ್ಮ ಹಿತ್ತಲಿನ ಸೇವಂತಿಗೆ ತಂದು ಗೋಡೆಯ ಮೇಲೆ ಕುಳಿತಿದ್ದರು. ತಾವು ಅವರನ್ನು ಕೇಳಿದಿರಿ, ಏನ್ರೀ ಇದು ಗಲಾಟೆ? ಅವರು ಹೇಳಿದರು, “ಅಯ್ಯೋ, ಇದು ವರ್ಷ ವರ್ಷ ಇದ್ದಿದ್ದೇ ಸಾರ್. ಆಮೇಲೆ ಸರಿಹೋಗತ್ತೆ.” ತಾವು ಮೊದಲ ವಾಕ್ಯವನ್ನು ಬರೆದುಕೊಂಡು, ಎರಡನೆಯದು ಮುಗಿಯುವ ಮೊದಲೇ ಜೀಪು ಹತ್ತಿದಿರಿ. ಬತ್ತಿ ಗೋಡೆ ಹತ್ತುವವರೆಗೆ ನಿಂತಿದ್ದರೆ, ರಾಜಿಯಾದ ಮೇಲೆ ನಾವು ಎಲ್ಲರಿಗೂ ಹಂಚುವ ಬನ್ನು ತಮಗೂ ಒಂದು ಸಿಗುತ್ತಿತ್ತು.

ನೋಟೀಸು ನೋಡಿದ ಮುನಿವೆಂಕಟಪ್ಪನವರಿಗೆ ಈಗ ಊಟ ಸೇರುತ್ತಿಲ್ಲ. “ನನ್ ಬಾಯಿಂದ್ಲೇ ಗೋಡೆ ಎದ್ದಂಗಾಯ್ತಲ್ಲಮ್ಮ,” ಎನ್ನುತ್ತಾರೆ. ಎಂಟು ಅಡಿಯ ಗೋಡೆಯ ಮೇಲೆ ಬತ್ತಿ ಇಡಲು ಏಣಿ ಬೇಕು, ಇಟ್ಟರೂ ಬೆಳಕು ಆಕಾಶಕ್ಕೆ. ಆಕಾಶದಲ್ಲಿರುವವರಿಗೆ, ಅತ್ತೆ ಹೇಳುವಂತೆ, ಬೆಳಕಿನ ಕೊರತೆಯಿಲ್ಲ. ಕೆಳಗೆ ನನ್ನ ಅಪ್ಪ ಅಮ್ಮ ಬೇರೆ ಬೇರೆ ಕತ್ತಲಲ್ಲಿ ಇರುತ್ತಾರೆ. ಇಡೀ ಪತ್ರದಲ್ಲಿ ತಮಾಷೆಯಿಲ್ಲದ ಮಾತು ಇದೊಂದೇ: ಅದನ್ನು ಸಹಿಸಲು ನನ್ನಿಂದ ಆಗುವುದಿಲ್ಲ.

ಇನ್ನೊಂದಿದೆ. ಈ ಮಳೆಗಾಲದಲ್ಲಿ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಮೊನ್ನೆ ನೋಟೀಸಿನ ಸುದ್ದಿ ಹೇಳಲು ಹೋದಾಗ ಮಲಗಿದ್ದಲ್ಲಿಂದಲೇ ತಮ್ಮನ್ನು ಯಥೇಚ್ಛ ಆಶೀರ್ವದಿಸಿದರು. ಆ ಪದಗಳನ್ನು ಅಚ್ಚು ಹಾಕಲು ಯಾವ ಪತ್ರಿಕೆಯೂ ಒಪ್ಪದು. ಆಮೇಲೆ ಸೊಸೆಯನ್ನು ಕಾಫಿಗೆಂದು ಅಡುಗೆಮನೆಗೆ ಕಳಿಸಿ, ನನ್ನ ಕೈ ಹಿಡಿದು ಎಳೆದುಕೊಂಡರು.

“ಅಣ್ಣನ ಪಕ್ಕದಲ್ಲೇ ನಂಗೂ ಜಾಗ ಹೇಳಿದೀನಿ. ಗೋಡೆ ಹಂಗೇ ಇದ್ರೆ, ನಂಗೂ ಒಂದು ಹಚ್ಚೇ. ನಮ್ ಪಾದ್ರಿಗೆ ಮಾತ್ರ ಹೇಳ್ಬೇಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಈಗ ಈ ಪತ್ರವನ್ನು ಪತ್ರಿಕೆಗೇ ಕೊಟ್ಟು ಇಡೀ ಊರಿಗೇ ಹೇಳಿದೆ. ಪಾದ್ರಿಯವರೂ ಓದುತ್ತಾರೆ, ಅತ್ತೆಗೂ ಯಾರಾದರೂ ಓದಿ ಹೇಳುತ್ತಾರೆ. ಈ ನವೆಂಬರ್ ಎರಡಕ್ಕೆ ಗಾಲಿಕುರ್ಚಿಯಲ್ಲಾದರೂ ಬಂದು ಅವರು ನನ್ನನ್ನು ಬೈದೇ ಬೈಯುತ್ತಾರೆ, ಅದಕ್ಕಾಗಿಯೇ ಬರೆದೆ. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಆದೇಶವನ್ನು ಹಿಂಪಡೆಯಿರಿ, ಗೋಡೆಯನ್ನು ಕೂರುವಷ್ಟೇ ಎತ್ತರಕ್ಕೆ ಬಿಡಿ. ಜೊತೆಗೆ ಆ ಸಂಜೆ ಮತ್ತೊಮ್ಮೆ ಪರಿಶೀಲನೆಗೆ ಬಂದು, ಜಗಳ ಪೂರ್ತಿ ಮುಗಿಯುವವರೆಗೆ ಅದೇ ಗೋಡೆಯ ಮೇಲೆ ಕುಳಿತಿರಿ. ಬನ್ನು ನನ್ನದು.

ಇಂತಿ,
ಅತ್ತೆಗೆ ಕೊಟ್ಟ ಮಾತು ತಪ್ಪಿ, ಬೈಗುಳಕ್ಕಾಗಿ ಕಾದಿರುವ
ಫಿಲೋಮಿನಾ ಸತ್ಯಮಿತ್ರ
(ಗೋಡೆಯ ಎರಡೂ ಕಡೆಯ ಮಗಳು)
ಬಸವೇಶ್ವರನಗರ