ಜೋಡಿಗೆ ಒಂದೇ ಸಂಬಳ

ಜೂನ್ ೧೭, ಬುಧವಾರ

ಮುದ್ದಿನ ತಂಗಿಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ನಾನೂ ಇಡೀ ಸರ್ಕಾರದ ಮೇಲೆ ಮುನಿಸಿಕೊಂಡು ಕುಳಿತಿದ್ದೇನೆ. ಮಂಡಿನೋವು ಹೇಗಿದೆ? ನಾನೂ ನಿನ್ನ ಭಾವನೂ ಕ್ಷೇಮ.

ನನ್ನ ಕಣ್ಣು ಮಂಜಾಗುತ್ತಿದೆ. ಮುಂದಿನ ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಬಿಡಬೇಕು. ನನ್ನದೇ ಆದ ಪಿಂಚಣಿಯೊಂದು ಇರಲೆಂದು ಅರ್ಜಿ ಹಾಕಲು ಹೋದೆ. "ವರ್ಷದ ಒಟ್ಟು ಗಳಿಕೆ ಎಷ್ಟು, ಕಟ್ಟಿದ ತೆರಿಗೆ ಎಷ್ಟು, ಬರೆಸಿಕೊಂಡು ಬನ್ನಿ" ಎಂದರು. ಇಷ್ಟೇ ತಾನೆ ಎಂದುಕೊಂಡೆ.

ನಮ್ಮ ಪ್ರೆಸ್ಸಿನ ಲೆಕ್ಕಿಗ, ಯಾವ ಕಡೆಗಾದರೂ ವಾಲುತ್ತಾನೆಂದು ಅವನಿಗೆ ತಕ್ಕಡಿ ಎಂದೇ ಹೆಸರು, "ತೆರಿಗೆ ಕಚೇರೀಲಿ ಕೇಳಿ ಅಕ್ಕಾ" ಎಂದ. ಅಲ್ಲಿ ಕೆಳಗಿನವನು ಮೇಲಕ್ಕೆ ಕಳಿಸಿದ. ಮೇಲಿನವಳು ಊಟಕ್ಕೆ ಹೋಗಿದ್ದಳು. ಆ ಕಟ್ಟಡ ಉದ್ಘಾಟಿಸಿದ ಮಂತ್ರಿ "ಇನ್ನು ನಾಗರಿಕರು ಅಲೆಯಬೇಕಿಲ್ಲ" ಎಂದು ಭಾಷಣ ಮಾಡಿದ್ದು ನನಗೆ ನೆನಪಿದೆ. ಅದರ ಕರಡು ತಿದ್ದಿದವಳು ನಾನೇ. ಆವತ್ತು ಅದೊಂದು ತಪ್ಪು ನನ್ನ ಕಣ್ಣಿಗೆ ಬೀಳಲಿಲ್ಲ.

ಕೊನೆಗೂ ಆ ಮೇಲಿನ ಹುಡುಗಿ ಊಟ ಮುಗಿಸಿ ಬಂದು ಕಂಪ್ಯೂಟರ್ ನೋಡಿದಳು. "ಅಮ್ಮಾ, ನಿಮ್ಮ ಗಳಿಕೆ ಸೊನ್ನೆ. ತೆರಿಗೇನೂ ಸೊನ್ನೆ."

"ಸರಿಯಾಗಿ ನೋಡು ಮಗಳೇ. ಮದುವೆಯಾದಾಗಿಂದ ದುಡಿದಿದ್ದೀನಿ."

"ನೋಡಿದೆ. ನೀವು ಗಂಡನ ಆಶ್ರಯದಲ್ಲಿರೋರು ಅಂತಿದೆ."

"ಯಾರು ಯಾರ ಆಶ್ರಯದಲ್ಲಿ?" ಎಂದು ಕೂಗಿದೆ. ಹಿಂದೆ ನಿಂತಿದ್ದ ಮುದುಕರೊಬ್ಬರು, "ಅದನ್ನ ಮನೇಲಿ ತೀರ್ಮಾನ ಮಾಡ್ಕೊಳ್ಳಿ ತಾಯಿ, ನಮ್ಮ ಸರದಿ ಬರ್ಲಿ" ಎಂದರು. ಸಾಲೆಲ್ಲ ನಕ್ಕಿತು.

ತಿರುಗಿ ತಕ್ಕಡಿಯ ಹತ್ತಿರ ಬಂದೆ. ನಮ್ಮಲ್ಲಿ ಕರಡು ತಿದ್ದುವುದು ಜೋಡಿ ಕೆಲಸವೆಂದು ನಿನಗೆ ಗೊತ್ತಲ್ಲ: ನಿನ್ನ ಭಾವ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಅಚ್ಚಾದ ಹಾಳೆ ನೋಡುತ್ತಾ ತಪ್ಪು ತಿದ್ದುತ್ತೇನೆ. ಸಂಬಳ ಇಬ್ಬರಿಗೂ ಸೇರಿ ಒಂದೇ ಲಕೋಟೆ.

"ಜೋಡಿ ಅಂದ್ರೆ ಒಂದೇ ಲೆಕ್ಕ ಅಕ್ಕಾ, ನಿಮ್ಮ ಯಜಮಾನ್ರ ಹೆಸರಲ್ಲಿ. ತೆರಿಗೆ ಪೂರ್ತಿ ಕಟ್ಟಿದೀವಲ್ಲ!" ಎಂದ, ಉಪಕಾರ ಮಾಡಿದವನ ಹಾಗೆ.

"ಅದರಲ್ಲಿ ಅರ್ಧ ನಂದಲ್ವೇನೋ?"

"ಮನೆಗೆ ಹೋಗೋ ದುಡ್ಡು ಒಂದೇ ತಾನೆ?"

ತೆರಿಗೆ ತಪ್ಪಿಸಿಕೊಂಡವರ ಕಥೆ ಲೋಕಕ್ಕೆಲ್ಲ ಗೊತ್ತು. ಕಟ್ಟಿಯೂ ಕಟ್ಟದವಳಾದವಳು ನಾನೊಬ್ಬಳೇ ಇರಬೇಕು. ತೆರಿಗೆ ಕಚೇರಿಗೆ ದೂರು ಬರೆದುಕೊಟ್ಟಿದ್ದೇನೆ. "ವಿಚಾರಿಸ್ತೀವಿ" ಎಂದಿದ್ದಾರೆ, ಅಷ್ಟರೊಳಗೆ ನನ್ನ ಕಣ್ಣು ಪೂರ್ತಿ ಹೋಗದಿದ್ದರೆ ಸಾಕು.

ಮಕ್ಕಳಿಗೆ ನನ್ನ ಆಶೀರ್ವಾದ. ನೀನು ನೂರ್ಕಾಲ ಚೆನ್ನಾಗಿರು, ಮೆಟ್ಟಿಲು ಹತ್ತಬೇಡ.

ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹಿಂದೊಮ್ಮೆ ಮಾಲೀಕರೇ ಸಂಬಳವನ್ನು ಎರಡು ಹೆಸರಿಗೆ ಹಂಚೋಣ ಎಂದಿದ್ದರಂತೆ. "ಯಾಕೆ ಸಾರ್? ಓದೋನು ನಾನು. ಅವಳು ಸುಮ್ನೆ ಕೂತು ಕೇಳಿಸ್ಕೋತಾಳೆ" ಎಂದರಂತೆ ನಿನ್ನ ಭಾವ. ತಕ್ಕಡಿ ಬಾಯ್ತಪ್ಪಿ ಹೇಳಿಬಿಟ್ಟ. ಇವತ್ತು ಎಂದಿನಂತೆ ಅವರು ಒಂದು ಅಧ್ಯಾಯ ಓದಿ ಮುಗಿಸಿ, ನನ್ನ ಮುಂದಿದ್ದ ಹಾಳೆಗಳನ್ನು ಎತ್ತಿಕೊಂಡರು. ಒಂದು ಗುರುತೂ ಇರಲಿಲ್ಲ.

"ಏನೇ ಇದು, ತಪ್ಪೇ ಇಲ್ವಾ?"

"ಇರಬಹುದು. ನಾನು ಸುಮ್ನೆ ಕೂತು ಕೇಳಿಸ್ಕೊಂಡೆ" ಎಂದೆ.